ಲಂಗರು ಜಾರಿದ್ದೇಕೆ? ಚಿಕ್ಕ ಹಾಯಿದೋಣಿಯನ್ನು ಭದ್ರವಾಗಿ ನಿಲ್ಲಿಸುವ ಕ್ರಮ

ಪ್ರಶ್ನೆ: ನನ್ನದು ಆರೂವರೆ ಮೀಟರ್ ಉದ್ದದ ಹಾಯಿದೋಣಿ. ನೇಗಿಲಿನ ಆಕಾರದ 7 ಕಿಲೋ ಲಂಗರು, ಅದಕ್ಕೆ 2 ಮೀಟರ್ ಸರಪಳಿ, ಅಲ್ಲಿಂದಾಚೆಗೆ ನೈಲಾನ್ ಹಗ್ಗ ಇದೆ. ಈಚೆಗೆ ಒಂದು ಕೊಲ್ಲಿಯಲ್ಲಿ ಸಂಜೆ 3 ಮೀಟರ್ ಆಳ ನೋಡಿ, ಲಂಗರನ್ನು ಎಸೆದು, ಆಳದ ಐದು ಪಟ್ಟು ಎಂಬ ಲೆಕ್ಕದಲ್ಲಿ 15 ಮೀಟರ್ ಹಗ್ಗ ಬಿಟ್ಟು ಮಲಗಿದೆವು. ಆಗ ಗಾಳಿ 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ಇತ್ತು. ನಡುರಾತ್ರಿಯ ಹೊತ್ತಿಗೆ ಭರತದಿಂದ ನೀರು 2 ಮೀಟರ್ ಏರಿತ್ತು. ಗಾಳಿ ದಿಕ್ಕು ಬದಲಿಸಿ 20 ನಾಟ್ ಮುಟ್ಟಿತ್ತು. ಎದ್ದು ನೋಡಿದರೆ ದೋಣಿ ದಡದ ಬಂಡೆಗಳ ಕಡೆಗೆ ಜಾರುತ್ತಿತ್ತು. ಹೇಗೋ ಪಾರಾದೆವು. ಎತ್ತಿದ ಲಂಗರಿನ ತುಂಬ ಕಡಲಹುಲ್ಲು ಸಿಕ್ಕಿಕೊಂಡಿತ್ತು. ಇನ್ನೂ ಭಾರದ ಲಂಗರು ಕೊಳ್ಳಬೇಕೇ?

ಉತ್ತರ: ನೀವು ಕ್ಷೇಮವಾಗಿ ಹೊರಬಂದದ್ದು ಎಲ್ಲಕ್ಕಿಂತ ದೊಡ್ಡ ಸಮಾಧಾನ. ನಡೆದದ್ದನ್ನು ಅಂಕಿಗಳ ಸಮೇತ ಬರೆದಿರುವುದರಿಂದ ಉತ್ತರಿಸುವುದೂ ಸುಲಭವಾಗಿದೆ. ಆರೂವರೆ ಮೀಟರಿನ ದೋಣಿಗೆ 7 ಕಿಲೋ ಲಂಗರು ಕಡಿಮೆಯಲ್ಲ. ಅದರ ಜಾಗದಲ್ಲಿ 10 ಕಿಲೋದ್ದು ಇದ್ದಿದ್ದರೂ ಆ ರಾತ್ರಿ, ಆ ಜಾಗದಲ್ಲಿ, ಆ ಹಗ್ಗದ ಅಳತೆಯಲ್ಲಿ ಅದೂ ಜಾರುವ ಸಂಭವವೇ ಹೆಚ್ಚಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಚಿಕ್ಕ ದೋಣಿಯ ಲಂಗರು ತನ್ನ ತೂಕದಿಂದ ದೋಣಿಯನ್ನು ಹಿಡಿದಿಡುವುದಿಲ್ಲ. ನೆಲದೊಳಗೆ ಇಳಿದು, ತನ್ನ ಮುಂದಿರುವ ಮಣ್ಣಿನ ರಾಶಿಯನ್ನು ಒತ್ತಿ ಹಿಡಿಯುವುದರಿಂದ ಅದಕ್ಕೆ ಬಲ ಬರುತ್ತದೆ. ಹಾಗೆ ಇಳಿಯಬೇಕಾದರೆ ಹಗ್ಗದ ಎಳೆತ ಆದಷ್ಟೂ ನೆಲಕ್ಕೆ ಸಮಾನಾಂತರವಾಗಿರಬೇಕು. ಲಂಗರು ಎತ್ತುವಾಗ ನಾವೇನು ಮಾಡುತ್ತೇವೆ ಎಂದು ನೆನಪಿಸಿಕೊಳ್ಳಿ: ಹಗ್ಗವನ್ನು ಗಿಡ್ಡ ಮಾಡಿಕೊಳ್ಳುತ್ತ ಬಂದು ನೇರ ಮೇಲಕ್ಕೆ ಎಳೆಯುತ್ತೇವೆ, ಆಗ ಅದು ಕಳಚಿಕೊಳ್ಳುತ್ತದೆ. ಹಗ್ಗ ಕಡಿಮೆ ಬಿಟ್ಟು ಮಲಗುವುದೆಂದರೆ ಅರ್ಧ ಎತ್ತಿದ ಲಂಗರನ್ನು ನಂಬಿ ಮಲಗಿದಂತೆ.

ಈಗ ನಿಮ್ಮ ಲೆಕ್ಕವನ್ನೇ ನೋಡೋಣ. ನೀವು 3 ಮೀಟರ್ ಆಳಕ್ಕೆ 15 ಮೀಟರ್ ಎಂದು ಐದು ಪಟ್ಟು ಹಿಡಿದಿರಿ. ಆದರೆ ಹಗ್ಗ ನೀರಿನ ಮೇಲ್ಮೈಯಿಂದ ಹೊರಡುವುದಿಲ್ಲ, ದೋಣಿಯ ಮುಂತುದಿಯಿಂದ ಹೊರಡುತ್ತದೆ. ನಿಮ್ಮಂಥ ದೋಣಿಯಲ್ಲಿ ಅದು ನೀರಿನಿಂದ ಸುಮಾರು 1 ಮೀಟರ್ ಮೇಲಿರುತ್ತದೆ. ಹಾಗಾಗಿ ಸಂಜೆಯೇ ನಿಮ್ಮ ಲೆಕ್ಕ 4 ಮೀಟರಿಗೆ 15 ಮೀಟರ್, ಅಂದರೆ ನಾಲ್ಕು ಪಟ್ಟಿಗಿಂತ ಕಡಿಮೆಯಾಗಿತ್ತು. ನಡುರಾತ್ರಿ ನೀರು 2 ಮೀಟರ್ ಏರಿದಾಗ ಎತ್ತರ 6 ಮೀಟರ್ ಆಯಿತು, ಹಗ್ಗ ಅಷ್ಟೇ ಇತ್ತು. ಹದಿನೈದನ್ನು ಆರರಿಂದ ಭಾಗಿಸಿದರೆ ಎರಡೂವರೆ. ಬಿಗಿಯಾಗಿ ಎಳೆದ ಹಗ್ಗ ಆ ಪ್ರಮಾಣದಲ್ಲಿ ನೆಲದೊಂದಿಗೆ ಸುಮಾರು 24 ಡಿಗ್ರಿ ಕೋನ ಮಾಡುತ್ತದೆ. ಐದು ಪಟ್ಟು ಬಿಟ್ಟರೆ ಆ ಕೋನ ಹನ್ನೊಂದೂವರೆ ಡಿಗ್ರಿಗೆ, ಏಳು ಪಟ್ಟು ಬಿಟ್ಟರೆ ಸುಮಾರು 8 ಡಿಗ್ರಿಗೆ, ಹತ್ತು ಪಟ್ಟು ಬಿಟ್ಟರೆ 6 ಡಿಗ್ರಿಗಿಂತ ಕೆಳಕ್ಕೆ ಇಳಿಯುತ್ತದೆ. ಮೂರರಿಂದ ಐದಕ್ಕೆ, ಐದರಿಂದ ಏಳಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು. ಹತ್ತರಾಚೆಗೆ ಹಗ್ಗ ಬಿಟ್ಟಷ್ಟೂ ದೊರೆಯುವ ಲಾಭ ಕಡಿಮೆಯಾಗುತ್ತ ಹೋಗುತ್ತದೆ.

ಇದಕ್ಕೆ ಗಾಳಿಯ ಲೆಕ್ಕವೂ ಸೇರಬೇಕು. ದೋಣಿಯ ಮೇಲೆ ಗಾಳಿ ಒತ್ತುವ ಬಲವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 10 ನಾಟ್ ಗಾಳಿ 20 ಆದಾಗ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 30 ಆದಾಗ ಒಂಬತ್ತು ಪಟ್ಟು. ಹೀಗೆ ನಿಮ್ಮ ಲಂಗರಿನ ಮೇಲಿನ ಎಳೆತ ನಾಲ್ಕು ಪಟ್ಟಾದ ಹೊತ್ತಿಗೇ ಅದರ ಹಿಡಿತ ತೀರಾ ಕುಗ್ಗಿತ್ತು. ಆ ರಾತ್ರಿಗೆ ಸರಿಯಾದ ಲೆಕ್ಕ ಹೀಗಿರಬೇಕಿತ್ತು: ಸಂಜೆಯ ಆಳ 3, ಏರಲಿರುವ ಭರತ 2, ಮುಂತುದಿಯ ಎತ್ತರ 1, ಒಟ್ಟು 6 ಮೀಟರ್, ಹಗ್ಗವೇ ಹೆಚ್ಚಾಗಿರುವ ನಿಮ್ಮ ವ್ಯವಸ್ಥೆಗೆ ಅದರ ಏಳು ಪಟ್ಟು, ಅಂದರೆ 42 ಮೀಟರ್. ಪೂರ್ತಿ ಸರಪಳಿಯೇ ಇರುವ ದೋಣಿಗಳಿಗೆ ಸಾಧಾರಣ ಗಾಳಿಯಲ್ಲಿ ಐದು ಪಟ್ಟು ಸಾಕಾಗುತ್ತದೆ. ಬಿರುಗಾಳಿಯ ಸೂಚನೆಯಿದ್ದರೆ, ಜಾಗವಿದ್ದರೆ, ಎರಡು ಬಗೆಯವರೂ ಹತ್ತು ಪಟ್ಟಿನವರೆಗೆ ಬಿಡುವುದು ಒಳ್ಳೆಯದು. ದೋಣಿಯಲ್ಲಿ ಹಗ್ಗ ಬೇಕಾದಷ್ಟು ಇದ್ದು, ಅದು ಪೆಟ್ಟಿಗೆಯಲ್ಲೇ ಸುರುಳಿಯಾಗಿ ಮಲಗಿರುವಾಗ ಲಂಗರು ಜಾರಿದ ಸಂದರ್ಭಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇದು ನನಗೆ ಪ್ರತಿ ಸಲವೂ ನೋವು ತರುವ ಸಂಗತಿ.

ಇಲ್ಲಿ ಸರಪಳಿಯ ವಿಷಯ ಬರುತ್ತದೆ. ಸರಪಳಿ ತನ್ನ ಭಾರದಿಂದ ಜೋತುಬಿದ್ದು, ಲಂಗರಿನ ದಿಂಡನ್ನು, ಅಂದರೆ ಸರಪಳಿ ಕಟ್ಟುವ ಅದರ ಉದ್ದ ತೋಳನ್ನು, ನೆಲಕ್ಕೆ ಒರಗಿಸಿಡುತ್ತದೆ ಎಂಬ ಮಾತು ತೆಳುಗಾಳಿಯಲ್ಲಿ ನಿಜ. ಗಾಳಿ ಬಲವಾದಾಗ ಆ ಜೋಲು ಬಹುಮಟ್ಟಿಗೆ ನೆಟ್ಟಗಾಗಿಬಿಡುತ್ತದೆ, ಹಾಗಾಗಿ ತೀರಾ ಬೇಕಾದ ಹೊತ್ತಿನಲ್ಲಿ ನೆರವಿಗೆ ಬರುವುದು ಉದ್ದವೇ ಹೊರತು ಭಾರವಲ್ಲ. ಆದರೂ ನಿಮ್ಮ 2 ಮೀಟರ್ ಬಹಳ ಕಡಿಮೆ. ದೋಣಿಯ ಉದ್ದದಷ್ಟಾದರೂ ಸರಪಳಿ ಇರಬೇಕೆಂಬ ಹಳೆಯ ಲೆಕ್ಕ ಈಗಲೂ ಒಪ್ಪತಕ್ಕದ್ದು. 6 ಮಿಲಿಮೀಟರ್ ಸರಪಳಿ ಮೀಟರಿಗೆ ಹೆಚ್ಚೂಕಡಿಮೆ 800 ಗ್ರಾಂ ತೂಗುವುದರಿಂದ, ಏಳು ಮೀಟರಿಗೆ ಐದೂವರೆ ಕಿಲೋ ಆದೀತು. ಇದು ಲಂಗರು ಮೊದಲು ಕಚ್ಚುವ ಗಳಿಗೆಯಲ್ಲಿ ದಿಂಡನ್ನು ತಗ್ಗಿಸಿಡುತ್ತದೆ. ಜೊತೆಗೆ ತಳದ ಕಲ್ಲು, ಚಿಪ್ಪುಗಳಿಗೆ ಹಗ್ಗ ಉಜ್ಜಿ ಹರಿಯದಂತೆ ಕಾಯುತ್ತದೆ. ನನ್ನ ಎಣಿಕೆಯಲ್ಲಿ ಇದೇ ದೊಡ್ಡ ಉಪಕಾರ. ಹಗ್ಗ ಮಾತ್ರ ನೈಲಾನೇ ಇರಲಿ. ಎಳೆದಾಗ ಹಿಗ್ಗಿ, ಅಲೆಯ ಹೊಡೆತಗಳನ್ನು ನುಂಗಿಕೊಳ್ಳುವ ಗುಣ ಅದಕ್ಕಿದೆ. ಪಾಲಿಪ್ರೊಪಿಲೀನ್ ಹಗ್ಗ ನೀರಿನ ಮೇಲೆ ತೇಲುತ್ತದೆ, ಸಡಿಲವಾದಾಗ ಬೇರೆಯವರ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಅದು ಈ ಕೆಲಸಕ್ಕೆ ಬೇಡ. ಲಂಗರು, ಸರಪಳಿ, ಹಗ್ಗ ಸೇರುವಲ್ಲಿರುವ, ತಿರುಪು ಹಾಕಿ ಮುಚ್ಚುವ ಕೊಂಡಿಗಳಾದ ಶ್ಯಾಕಲ್‌ಗಳ ತಿರುಪು ಕಳಚದಂತೆ ತೆಳುವಾದ ತಂತಿಯಿಂದ ಬಿಗಿದಿಡಿ.

ಎರಡನೆಯ ಕಾರಣ, ಲಂಗರಿಗೆ ಸಿಕ್ಕಿಕೊಂಡು ಬಂದ ಕಡಲಹುಲ್ಲು. ಅದರ ಅರ್ಥ, ನಿಮ್ಮ ಲಂಗರು ನೆಲವನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ. ಹುಲ್ಲಿನ ಬೇರುಗಳ ಹೆಣಿಗೆಯಲ್ಲಿ ಸಿಕ್ಕಿಕೊಂಡು, ತೆಳುಗಾಳಿಗೆ ಸಾಲುವಷ್ಟು ಹಿಡಿತ ತೋರಿಸಿ, ಗಾಳಿ ಬಲಿತಾಗ ಹುಲ್ಲಿನ ಗಡ್ಡೆಯನ್ನೇ ಕಿತ್ತುಕೊಂಡು ಹೊರಟಿತು. ಲಂಗರಿನ ಅಲಗಿಗೆ, ಅಂದರೆ ನೆಲದೊಳಗೆ ಇಳಿಯುವ ಭಾಗಕ್ಕೆ, ಹುಲ್ಲಿನ ಗಂಟು ಒಮ್ಮೆ ಸಿಕ್ಕಿತೆಂದರೆ ಅದು ಮತ್ತೆ ತಾನಾಗಿ ಕಚ್ಚುವುದಿಲ್ಲ; ಎತ್ತಿ, ಬಿಡಿಸಿ, ಮತ್ತೆ ಇಳಿಸಬೇಕು. ಗಟ್ಟಿ ಮರಳು ಮತ್ತು ಜೇಡಿ ಉತ್ತಮ ನೆಲ. ಮೆತ್ತನೆಯ ಕೆಸರಿನಲ್ಲಿ ಅಗಲವಾದ ಅಲಗಿನ ಲಂಗರು ಬೇಕು, ಅದಕ್ಕೆ ಇಳಿಯಲು ಸಮಯವನ್ನೂ ಕೊಡಬೇಕು. ಬಂಡೆಯಲ್ಲಿ ಲಂಗರು ಒಂದೋ ಹಿಡಿಯುವುದೇ ಇಲ್ಲ, ಇಲ್ಲವೇ ಬಿಡುವುದೇ ಇಲ್ಲ. ಹವಳದ ಮೇಲೆ ಲಂಗರು ಹಾಕಲೇಬಾರದು. ಕಡಲಹುಲ್ಲಿನ ಹಾಸನ್ನೂ ಬಿಟ್ಟುಬಿಡುವುದು ನಮ್ಮ ಸುರಕ್ಷೆಗೂ ಆ ಹುಲ್ಲಿನಲ್ಲಿ ಬೆಳೆಯುವ ಮರಿಮೀನುಗಳಿಗೂ ಒಳ್ಳೆಯದು. ನೌಕಾನಕ್ಷೆಯಲ್ಲಿ ತಳದ ಬಗೆಯನ್ನು ಸಂಕೇತಾಕ್ಷರಗಳಲ್ಲಿ ಗುರುತಿಸಿರುತ್ತಾರೆ. ತಿಳಿನೀರಿನಲ್ಲಿ ಮರಳು ಬಿಳುಪಾಗಿ, ಹುಲ್ಲು ಕಪ್ಪಾಗಿ ಕಾಣುತ್ತದೆ. ನೀರು ಕದಡಿದ್ದರೆ ಹಿಂದಿನ ನಾವಿಕರ ಉಪಾಯ ಇಂದಿಗೂ ನಡೆಯುತ್ತದೆ: ಆಳ ಅಳೆಯುವ ಸೀಸದ ಗುಂಡಿನ ತಳದ ಕುಳಿಯಲ್ಲಿ ಸ್ವಲ್ಪ ಕೊಬ್ಬನ್ನೋ ಗ್ರೀಸನ್ನೋ ತುಂಬಿ ಇಳಿಸಿದರೆ, ಅದಕ್ಕೆ ಅಂಟಿಕೊಂಡು ಬರುವ ಮರಳು, ಕೆಸರು ಅಥವಾ ಚಿಪ್ಪಿನ ಚೂರು ತಳದ ಸುದ್ದಿಯನ್ನು ಹೇಳುತ್ತದೆ.

ಲಂಗರಿನ ಆಕಾರದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ನೀವು ಕೊಳ್ಳುವ ಯೋಚನೆಯಲ್ಲಿದ್ದೀರಿ. ನಿಮ್ಮ ನೇಗಿಲು ಲಂಗರಿನ ಮೂಲರೂಪವನ್ನು 1933ರಲ್ಲಿ ರೂಪಿಸಿದವರು ಕೇಂಬ್ರಿಡ್ಜಿನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಮ್ ಟೇಲರ್. ದ್ರವಗಳ ಚಲನೆಯ ಅಧ್ಯಯನಕ್ಕೆ ಹೆಸರಾದ ಅವರು ಸ್ವತಃ ಹಾಯಿದೋಣಿಯ ಪ್ರೇಮಿ. ತೂಕದ ಬದಲು ಆಕಾರದಿಂದ ಹಿಡಿತ ಪಡೆಯಬಹುದೆಂದು ತೋರಿಸಿದ್ದು ಅವರ ದೊಡ್ಡ ಕೊಡುಗೆ. ಅದಾದ ಮೇಲೆ ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ, ಎರಡು ಚಪ್ಪಟೆ ಅಲಗುಗಳ ಲಂಗರನ್ನು ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳಲ್ಲಿ ಬಳಸಿದರು. ಮರಳು, ಕೆಸರುಗಳಲ್ಲಿ ಅದರ ಹಿಡಿತ ತೂಕಕ್ಕೆ ಹೋಲಿಸಿದರೆ ಅದ್ಭುತ. ಆದರೆ ಎಳೆತದ ದಿಕ್ಕು ಪೂರ್ತಿ ತಿರುಗಿದಾಗ ಕಳಚಿಕೊಂಡು, ಅಲಗಿನ ನಡುವೆ ಕಲ್ಲೋ ಚಿಪ್ಪೋ ಸಿಕ್ಕಿದರೆ ಮತ್ತೆ ಕಚ್ಚದೆ ಹೋಗುವ ದೋಷ ಅದಕ್ಕಿದೆ. ಇತ್ತೀಚಿನ ದಶಕಗಳಲ್ಲಿ ಬಂದ, ಸಲಿಕೆಯಂತೆ ಒಳಬಾಗಿದ ಅಲಗಿನ ಲಂಗರುಗಳು ಬೇಗ ಕಚ್ಚುತ್ತವೆ, ದಿಕ್ಕು ಬದಲಾದಾಗಲೂ ಬಹುಪಾಲು ನೆಲದೊಳಗೇ ತಿರುಗಿಕೊಳ್ಳುತ್ತವೆ. ನೀವು ಕೊಳ್ಳುವುದೇ ಆದರೆ ಹೆಚ್ಚು ಭಾರದ್ದಕ್ಕಿಂತ ಈ ಬಗೆಯದನ್ನು, ಈಗಿನಷ್ಟೇ ತೂಕದಲ್ಲಿ ಕೊಳ್ಳಿ ಎಂಬುದು ನನ್ನ ಸಲಹೆ. ಮಡಚುವ ನಾಲ್ಕು ಕೊಕ್ಕೆಯ ಪುಟ್ಟ ಲಂಗರುಗಳು ಮಧ್ಯಾಹ್ನದ ಊಟಕ್ಕೆ ನಿಲ್ಲಲು ಸಾಕು, ರಾತ್ರಿಗೆ ಸಲ್ಲವು.

ಮೂರನೆಯ ಕಾರಣ, ನಿಮ್ಮ ಪತ್ರದಲ್ಲಿ ಒಂದೇ ಪದದಲ್ಲಿ ಬಂದುಹೋದದ್ದು: ಲಂಗರನ್ನು ‘ಎಸೆದು’ ಎಂದು ಬರೆದಿದ್ದೀರಿ. ಲಂಗರನ್ನು ಎಸೆಯಬಾರದು, ಇಳಿಸಬೇಕು. ಎಸೆದಾಗ ಸರಪಳಿಯೂ ಹಗ್ಗವೂ ಅದರ ಮೇಲೆಯೇ ಗುಡ್ಡೆಯಾಗಿ ಬಿದ್ದು ಅಲಗಿಗೆ ಸುತ್ತಿಕೊಳ್ಳಬಹುದು. ಸರಿಯಾದ ಕ್ರಮ ತಾಳ್ಮೆಯದು. ಆಯ್ದ ಜಾಗದ ಕಡೆಗೆ ಗಾಳಿಗೆ ಎದುರಾಗಿ, ನೀರಿನ ಸೆಳೆತ ಬಲವಾಗಿದ್ದರೆ ಸೆಳೆತಕ್ಕೆ ಎದುರಾಗಿ, ನಿಧಾನವಾಗಿ ಬನ್ನಿ. ಬೇರೆ ದೋಣಿಗಳು ಅಲ್ಲಿ ನಿಂತಿದ್ದರೆ ಅವು ಮುಖ ಮಾಡಿರುವ ದಿಕ್ಕೇ ನಿಮ್ಮ ದಿಕ್ಕು. ದೋಣಿ ಪೂರ್ತಿ ನಿಂತು, ಹಿಂದಕ್ಕೆ ಸರಿಯತೊಡಗುವ ಗಳಿಗೆಯಲ್ಲಿ ಲಂಗರನ್ನು ಕೈಯಿಂದ ಇಳಿಸುತ್ತ ತಳ ಮುಟ್ಟಿಸಿ. ದೋಣಿ ಹಿಂದೆ ಸರಿದಷ್ಟೂ ಹಗ್ಗ ಬಿಡುತ್ತ ಹೋದರೆ ಅದು ನೆಲದ ಮೇಲೆ ಗೆರೆ ಎಳೆದಂತೆ ನೀಳವಾಗಿ ಮಲಗುತ್ತದೆ. ಆಳದ ಮೂರು ಪಟ್ಟಿನಷ್ಟು ಬಿಟ್ಟಾಗ ಒಂದು ಕ್ಷಣ ಹಗ್ಗವನ್ನು ಹಿಡಿದು, ಅಲಗು ನೆಲದ ಕಡೆಗೆ ತಿರುಗುವಷ್ಟು ಮೆಲ್ಲನೆ ಬಿಗಿ ಕೊಡಿ. ಆಮೇಲೆ ಉಳಿದ ಹಗ್ಗವನ್ನೂ ಬಿಟ್ಟು ದೋಣಿಯ ಗೂಟಕ್ಕೆ ಕಟ್ಟಿ. ಹಗ್ಗದ ಮೇಲೆ ಐದೈದು ಮೀಟರಿಗೆ ಬಣ್ಣದ ದಾರ ಕಟ್ಟಿಟ್ಟುಕೊಂಡಿದ್ದರೆ ಎಷ್ಟು ಬಿಟ್ಟೆವೆಂದು ಊಹಿಸಬೇಕಾಗಿಲ್ಲ. ಇಷ್ಟರಲ್ಲಿ ಎಲ್ಲಿಯೂ ಕೈಗೆ ಹಗ್ಗ ಸುತ್ತಿಕೊಳ್ಳಬೇಡಿ, ಸುರುಳಿಯೊಳಗೆ ಕಾಲಿಡಬೇಡಿ.

ಇಷ್ಟಾದರೂ ಅರ್ಧ ಕೆಲಸವೇ ಆದದ್ದು. ಹೆಚ್ಚಿನವರು ಬಿಟ್ಟುಬಿಡುವುದು ಉಳಿದರ್ಧವನ್ನು, ಅಂದರೆ ಪರೀಕ್ಷೆಯನ್ನು. ಎಂಜಿನ್ ಇದ್ದರೆ ಅದನ್ನು ಹಿಂಚಲನೆಗೆ ಹಾಕಿ, ಮೊದಲು ಅತಿ ಮೆಲ್ಲಗೆ, ಹಗ್ಗ ಬಿಗಿಯಾದ ಮೇಲೆ ಹಂತಹಂತವಾಗಿ ಹೆಚ್ಚಿಸುತ್ತ, ಅರ್ಧ ನಿಮಿಷವಾದರೂ ಎಳೆಯಿರಿ. ಒಮ್ಮೆಲೇ ಜೋರಾಗಿ ಎಳೆದರೆ ಕಚ್ಚುವ ಮುನ್ನವೇ ಕಿತ್ತುಬಿಡುತ್ತದೆ, ಕೆಸರಿನಲ್ಲಂತೂ ಇದು ಖಂಡಿತ. ಎಳೆಯುವಾಗ ದಡದ ಮೇಲೆ ಒಂದರ ಹಿಂದೊಂದು ಸಾಲಾಗಿ ಕಾಣುವ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ಮರ ಮತ್ತು ಅದರ ಹಿಂದಿನ ಮನೆಯ ಮೂಲೆಯನ್ನು, ದೋಣಿಯ ಮಗ್ಗುಲಿನ ದಿಕ್ಕಿನಲ್ಲಿ ಆರಿಸಿಕೊಂಡು ನೋಡುತ್ತಿರಿ. ಅವುಗಳ ಸಾಲು ಕದಲದಿದ್ದರೆ ಲಂಗರು ಹಿಡಿದಿದೆ. ಜೊತೆಗೆ ಒಬ್ಬರು ಮುಂತುದಿಯಲ್ಲಿ ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟು ನಿಲ್ಲಲಿ. ಜಾರುತ್ತಿರುವ ಲಂಗರು ಹಗ್ಗದುದ್ದಕ್ಕೂ ನಡುಕವನ್ನು, ತಡೆತಡೆದು ಬರುವ ಜಗ್ಗುಗಳನ್ನು ಕಳಿಸುತ್ತದೆ. ಕಚ್ಚಿದ ಲಂಗರಿನ ಹಗ್ಗ ತಂತಿಯಂತೆ ಬಿಗಿದು ನಿಶ್ಚಲವಾಗಿರುತ್ತದೆ. ಈ ಸ್ಪರ್ಶಜ್ಞಾನವನ್ನು ಯಾವ ಉಪಕರಣಕ್ಕಿಂತಲೂ ನಾನು ಹೆಚ್ಚು ನಂಬುತ್ತೇನೆ. ಜಾರಿದರೆ ಬೇಸರಿಸದೆ ಎತ್ತಿ ಮತ್ತೆ ಇಳಿಸಿ; ಎರಡು ಸಲ ಜಾರಿದರೆ ಜಾಗವನ್ನೇ ಬದಲಿಸಿ.

ಎಂಜಿನ್ ಇಲ್ಲದೆ ಬರಿಯ ಹಾಯಿಯಲ್ಲಿ ಇದನ್ನೆಲ್ಲ ಮಾಡುವುದು ಇನ್ನೂ ಸೊಗಸಾದ ಕೆಲಸ. ಗಾಳಿ ಮತ್ತು ಸೆಳೆತ ಒಂದೇ ಕಡೆಯಿಂದ ಬರುತ್ತಿದ್ದರೆ, ಮುಂಹಾಯಿಯನ್ನು ಇಳಿಸಿ, ಮುಖ್ಯ ಹಾಯಿಯೊಂದರಲ್ಲೇ ಗಾಳಿಯನ್ನು ಓರೆಯಾಗಿ ಎದುರಿಸುತ್ತ ಬಂದು, ಕೊನೆಯಲ್ಲಿ ನೇರ ಗಾಳಿಗೆ ಮುಖಮಾಡಿದರೆ ದೋಣಿ ತಾನಾಗಿ ನಿಲ್ಲುತ್ತದೆ. ಲಂಗರು ತಳ ಮುಟ್ಟಿದ ಮೇಲೆ ಹಾಯಿಯ ಅಡ್ಡಮರವನ್ನು ಕೈಯಿಂದ ಪಕ್ಕಕ್ಕೆ ತಳ್ಳಿ ಹಿಡಿದರೆ ಗಾಳಿ ಎದುರಿನಿಂದ ತುಂಬಿ ದೋಣಿಯನ್ನು ಹಿಂದಕ್ಕೆ ನೂಕುತ್ತದೆ. ಲಂಗರನ್ನು ಕಚ್ಚಿಸುವ ಎಳೆತ ಇದರಿಂದಲೇ ಸಿಗುತ್ತದೆ. ಗಾಳಿಗೆ ಎದುರಾಗಿ ಸೆಳೆತ ಹರಿಯುತ್ತಿದ್ದರೆ ಮಾತ್ರ ಕ್ರಮ ಬೇರೆ: ಮುಖ್ಯ ಹಾಯಿಯನ್ನು ಮೊದಲೇ ಇಳಿಸಿ, ಮುಂಹಾಯಿಯೊಂದರಲ್ಲಿ ಸೆಳೆತವನ್ನು ಎದುರಿಸುತ್ತ ಬರಬೇಕು. ಮುಖ್ಯ ಹಾಯಿ ಏರಿಸಿಟ್ಟುಕೊಂಡೇ ಹಾಗೆ ಬಂದರೆ, ಹಿಂದಿನಿಂದ ಗಾಳಿ ತುಂಬಿಕೊಂಡು ದೋಣಿ ಲಂಗರನ್ನು ದಾಟಿ ಓಡುತ್ತದೆ.

ಜಾಗದ ಆಯ್ಕೆಯಲ್ಲಿ ನೀವು ಸಂಜೆಯ ಗಾಳಿಯನ್ನು ನೋಡಿದಿರಿ. ನೋಡಬೇಕಾದದ್ದು ರಾತ್ರಿ ಬರಲಿರುವ ಗಾಳಿಯನ್ನು. ಹವಾಮಾನ ಮುನ್ಸೂಚನೆಯಲ್ಲಿ ಗಾಳಿ ತಿರುಗುವ ಸೂಚನೆ ಇದ್ದು, ತಿರುಗಿದ ಮೇಲೆ ಬಂಡೆಗಳು ನಿಮ್ಮ ಬೆನ್ನಿಗೆ ಬರುವುದಾದರೆ ಅದು ರಾತ್ರಿ ತಂಗುವ ಜಾಗವಲ್ಲ. ಭರತಕ್ಕೆ ಹಗ್ಗದ ಲೆಕ್ಕ, ಇಳಿತಕ್ಕೆ ಆಳದ ಲೆಕ್ಕ: ನೀರು ಪೂರ್ತಿ ಇಳಿದಾಗಲೂ ದೋಣಿಯ ತಳಕ್ಕೂ ನೆಲಕ್ಕೂ ನಡುವೆ ಸಾಕಷ್ಟು ನೀರು ಉಳಿಯಬೇಕು. ಇನ್ನು ಸುತ್ತುವ ಜಾಗ. 42 ಮೀಟರ್ ಹಗ್ಗ ಬಿಟ್ಟ ನಿಮ್ಮ ದೋಣಿಯ ಹಿಂತುದಿ, ಲಂಗರನ್ನು ನಡುವಾಗಿ ಇಟ್ಟುಕೊಂಡು ಸುಮಾರು 48 ಮೀಟರ್ ತ್ರಿಜ್ಯದ ವೃತ್ತದಲ್ಲಿ ಎಲ್ಲಿ ಬೇಕಾದರೂ ಬರಬಹುದು. ಆ ವೃತ್ತದೊಳಗೆ ಬಂಡೆ, ಮರಳದಿಬ್ಬ, ಬೇರೆ ದೋಣಿ ಯಾವುದೂ ಇರಕೂಡದು. ಮೊದಲೇ ಬಂದು ನಿಂತವರಿಗೆ ಆದ್ಯತೆ, ಆಮೇಲೆ ಬಂದವರು ದೂರ ಕಾಯ್ದುಕೊಳ್ಳಬೇಕು. ಪೂರ್ತಿ ಸರಪಳಿ ಬಿಟ್ಟವರು ಕಡಿಮೆ ಸುತ್ತುತ್ತಾರೆ, ಹಗ್ಗದವರು ಹೆಚ್ಚು; ಹಗುರವಾದ ದೋಣಿ ಗಾಳಿಯ ಮಾತು ಕೇಳುತ್ತದೆ, ಆಳವಾದ ಕೀಲ್ (ತಳದಿಂದ ನೀರೊಳಗೆ ಚಾಚಿದ ಪಟ್ಟಿ) ಇರುವುದು ಸೆಳೆತದ ಮಾತು ಕೇಳುತ್ತದೆ. ಅಕ್ಕಪಕ್ಕದವರು ಯಾವ ಬಗೆಯವರೆಂದು ನೋಡಿಕೊಂಡು ನಿಲ್ಲಿ.

ಜಾಗ ಇಕ್ಕಟ್ಟಾಗಿದೆಯೆಂದು ಕೆಲವರು ದೋಣಿಯ ಹಿಂತುದಿಯಿಂದ ಲಂಗರು ಹಾಕುವುದುಂಟು. ಹಿಂಭಾಗ ತಗ್ಗಾಗಿರುವ ಚಿಕ್ಕ ದೋಣಿಯಲ್ಲಿ ಇದು ಪ್ರಾಣಾಪಾಯದ ತಪ್ಪು. ಎಳೆತ ಹಿಂಭಾಗವನ್ನು ಕೆಳಕ್ಕೆ ಹಿಡಿದಿರುವಾಗ, ಅಲೆ ಅದರ ಮೇಲಿಂದ ಒಳನುಗ್ಗಿ ದೋಣಿಯನ್ನು ನಿಮಿಷಗಳಲ್ಲಿ ಮುಳುಗಿಸಬಲ್ಲದು. ಹಿಂದಿನ ಲಂಗರು ಬೇಕಾದರೆ ಅದು ಮುಂದಿನದಕ್ಕೆ ಜೊತೆಯಾಗಿ, ಅಲೆಯಿಲ್ಲದ ಜಾಗದಲ್ಲಿ ಮಾತ್ರ. ಬಲವಾದ ಗಾಳಿಗೆ ಎರಡನೆಯ ಲಂಗರನ್ನು ಮುಂತುದಿಯಿಂದಲೇ, ಮೊದಲನೆಯದಕ್ಕೆ 45ರಿಂದ 60 ಡಿಗ್ರಿ ಅಗಲದಲ್ಲಿ ಹಾಕಿದರೆ ದೋಣಿ ಅತ್ತಿತ್ತ ಓಲಾಡುವುದು ಕಡಿಮೆಯಾಗುತ್ತದೆ. ಗಾಳಿ ಸುತ್ತಿದರೆ ಎರಡು ಹಗ್ಗಗಳು ಹೆಣೆದುಕೊಳ್ಳುತ್ತವೆ ಎಂಬುದು ಅದರ ಬೆಲೆ.

ಮಲಗುವ ಮುನ್ನ ಹಗ್ಗ ಮುಂತುದಿಯ ಅಂಚಿಗೆ ಉಜ್ಜುವಲ್ಲಿ ದಪ್ಪ ಬಟ್ಟೆಯನ್ನೋ ಸೀಳಿದ ರಬ್ಬರ್ ಕೊಳವೆಯನ್ನೋ ಸುತ್ತಿ. ಜಿಪಿಎಸ್ ಎಚ್ಚರಿಕೆಗಂಟೆಯನ್ನು ಬಳಸುವುದಾದರೆ, ಲಂಗರು ತಳ ಮುಟ್ಟಿದ ಕ್ಷಣದಲ್ಲೇ ಸ್ಥಾನವನ್ನು ಗುರುತಿಸಿಕೊಳ್ಳಬೇಕು. ದೋಣಿ ಹಿಂದೆ ಸರಿದ ಮೇಲೆ ಗುರುತಿಸಿದರೆ ವೃತ್ತದ ನಡುವೇ ತಪ್ಪಾಗುತ್ತದೆ. ಹಗಲಿನ ಗುರುತುಗಳ ಜೊತೆಗೆ ರಾತ್ರಿಯೂ ಕಾಣುವ ದೀಪದ ಗುರುತೊಂದನ್ನು ಹುಡುಕಿಡಿ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ 30ನೆಯ ನಿಯಮದಂತೆ, ಲಂಗರು ಹಾಕಿದ ದೋಣಿ ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪವನ್ನು, ಹಗಲು ಕಪ್ಪು ಗೋಲವನ್ನು ತೋರಿಸಬೇಕು. 7 ಮೀಟರಿಗಿಂತ ಚಿಕ್ಕ ದೋಣಿಗೆ ವಿನಾಯಿತಿ ಇದೆ. ಆದರೆ ಕಿರಿದಾದ ಜಲಮಾರ್ಗ, ಹಡಗುದಾರಿ, ಲಂಗರುದಾಣಗಳಲ್ಲಿ ಅಥವಾ ಅವುಗಳ ಬಳಿ ಮತ್ತು ಇತರ ನೌಕೆಗಳು ಸಾಮಾನ್ಯವಾಗಿ ಓಡಾಡುವ ಕಡೆ ಆ ವಿನಾಯಿತಿ ಸಲ್ಲುವುದಿಲ್ಲ. ನಿಮ್ಮದು ಆರೂವರೆ ಮೀಟರ್ ಎಂದು ದೀಪ ಹಚ್ಚದೆ ಇರಬೇಡಿ.

ಇನ್ನೊಂದು ಪರೀಕ್ಷೆಯನ್ನು ಈಗಲೇ ಮಾಡಿ. ಹಗ್ಗದ ಒಳತುದಿಯನ್ನು ಪೆಟ್ಟಿಗೆಯೊಳಗೆ ದೋಣಿಯ ಗಟ್ಟಿ ಭಾಗಕ್ಕೆ ಕಟ್ಟಿದೆಯೇ ನೋಡಿ. ನನ್ನ ಮೊದಲ ವರ್ಷಗಳಲ್ಲಿ ಇದನ್ನು ನೋಡದೆ, ಇದ್ದ ಹಗ್ಗವೆಲ್ಲ ಕೈಮೀರಿ ಓಡಿ, ಲಂಗರಿನ ಸಮೇತ ನೀರು ಸೇರಿದ್ದನ್ನು ಕಂಡಿದ್ದೇನೆ. ಆ ಸಂಜೆ ಕತ್ತಲಲ್ಲಿ ಮತ್ತೊಂದು ದಾಣ ಹುಡುಕುತ್ತ ಪಟ್ಟ ಆತಂಕ ಇನ್ನೂ ಮರೆತಿಲ್ಲ. ಪೂರ್ತಿ ಸರಪಳಿ ಇರುವವರು ಒಳತುದಿಯನ್ನು ಶ್ಯಾಕಲ್‌ನಿಂದ ಬಿಗಿಯದೆ ಹಗ್ಗದ ತುಂಡಿನಿಂದ ಕಟ್ಟಬೇಕು, ತುರ್ತಿನಲ್ಲಿ ಚಾಕುವಿನಿಂದ ಕತ್ತರಿಸಿ ಓಡಲು ಅದೇ ದಾರಿ. ಹಾಗೆ ಬಿಟ್ಟುಹೋಗುವಾಗ ತುದಿಗೆ ತೇಲುಬುಡ್ಡೆ ಕಟ್ಟಿದರೆ ಮರುದಿನ ಬಂದು ತೆಗೆದುಕೊಳ್ಳಬಹುದು. ತಳದಲ್ಲಿ ಬಂಡೆ ಅಥವಾ ಹಳೆಯ ಸರಪಳಿಗಳಿರುವ ಸಂಶಯವಿದ್ದರೆ ಲಂಗರಿನ ತಲೆಗೆ ತೆಳುವಾದ ಬಿಡಿಸುಹಗ್ಗ ಕಟ್ಟಿ, ಅದರ ತುದಿಗೆ ತೇಲುಬುಡ್ಡೆ ಹಾಕಿಡಿ. ಸಿಕ್ಕಿಕೊಂಡ ಲಂಗರನ್ನು ಹಿಂದುಮುಂದಾಗಿ ಎಳೆದು ಬಿಡಿಸಲು ಅದು ನೆರವಾಗುತ್ತದೆ.

ಮುಂದಿನ ಸಲ ರಾತ್ರಿಗೆ ಕಾಯದೆ, ಒಂದು ಶಾಂತ ಹಗಲಿನಲ್ಲಿ ಮೂರು ಮೀಟರ್ ಆಳದ ತಿಳಿನೀರಿನ ಮರಳ ತಳದಲ್ಲಿ ಈಗಿರುವ 7 ಕಿಲೋ ಲಂಗರನ್ನೇ ಮೇಲೆ ಹೇಳಿದಂತೆ ಇಳಿಸಿ, ಎಳೆದು ನೋಡಿ. ದೋಣಿಯಲ್ಲಿ ಒಬ್ಬರು ಉಳಿದು, ಎಂಜಿನ್ ಪೂರ್ತಿ ಆರಿಸಿದ ಮೇಲೆ, ಈಜು ಬಲ್ಲವರೊಬ್ಬರು ಮುಖವಾಡ ತೊಟ್ಟು ಹಗ್ಗದ ಜಾಡಿನಲ್ಲಿ ಹೋಗಿ ಕೆಳಗೆ ನೋಡಲಿ. ಅಲಗು ಕಾಣದಂತೆ ಹೂತು, ದಿಂಡಿನ ಬೆನ್ನು ಮಾತ್ರ ಕಾಣುತ್ತಿದ್ದರೆ ನೀವು ಹೊಸ ಲಂಗರಿಗೆ ಇಟ್ಟ ಹಣದಲ್ಲಿ ಏಳು ಮೀಟರ್ ಸರಪಳಿಯನ್ನೂ ಇನ್ನಷ್ಟು ನೈಲಾನ್ ಹಗ್ಗವನ್ನೂ ಕೊಳ್ಳಿ. ಲಂಗರು ಮಗ್ಗುಲಾಗಿ ಮಲಗಿ ಮರಳಿನ ಮೇಲೆ ಗೀರು ಎಳೆದಿದ್ದರೆ, ಇನ್ನೆರಡು ಸಲ ಇಳಿಸಿ ನೋಡಿ. ಆಗಲೂ ಹಾಗೆಯೇ ಆದರೆ ಸಲಿಕೆಯಾಕಾರದ ಹೊಸ ಬಗೆಯದನ್ನು ಕೊಳ್ಳಿ.